ಆಡಿದರೆ ಮಾತ್ರ ಕಾಣುವ ಇತಿಹಾಸ



ವಸ್ತುಸಂಗ್ರಹಾಲಯಕ್ಕೆ ಹೋದಾಗ ನಿಮ್ಮ ಕಣ್ಣಿಗೆ ಮೊದಲು ಬೀಳುವ ಫಲಕ ಯಾವುದು? 'ಮುಟ್ಟಬೇಡಿ' ಎಂಬುದೇ ಅಲ್ಲವೇ? ಹೊಯ್ಸಳರ ಕಾಲದ ವಿಗ್ರಹವಾಗಲಿ, ವಿಜಯನಗರದ ಚಿನ್ನದ ವರಹವಾಗಲಿ ಗಾಜಿನ ಆಚೆಗಿರುತ್ತದೆ, ನಾವು ಈಚೆ ನಿಂತು ನೋಡುತ್ತೇವೆ. ಅದು ಸರಿಯಾದ ಕ್ರಮವೇ. ವರಹದ ಮೇಲಿನ ಚಿತ್ರವನ್ನು ಕಾಣಲು, ಅಕ್ಷರವನ್ನು ಓದಲು ಕಣ್ಣು ಸಾಕು.

ಬೆಂಗಳೂರಿನ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯಕ್ಕೆ ಹೋಗಿಬಂದವರಿಗೆ ಇನ್ನೊಂದು ಬಗೆಯ ಪ್ರದರ್ಶನವೂ ಗೊತ್ತಿರುತ್ತದೆ. ಅಲ್ಲಿ ಗುಂಡಿ ಒತ್ತಬೇಕು, ಹಿಡಿ ತಿರುಗಿಸಬೇಕು. ಆಗ ಮಾದರಿ ಚಲಿಸಿ ವಿಜ್ಞಾನದ ಒಂದು ತತ್ತ್ವವನ್ನು ತೋರಿಸುತ್ತದೆ. ಆದರೆ ಆ ಮಾದರಿಗಳಲ್ಲಿ ಹೆಚ್ಚಿನವನ್ನು ಮುಟ್ಟುವುದಕ್ಕೆಂದೇ ತಯಾರಿಸಿರುತ್ತಾರೆ. ಸವೆದುಹೋದರೆ ಇನ್ನೊಂದನ್ನು ಮಾಡಿಡಬಹುದು.

ಹಳೆಯ ವಿಡಿಯೋ ಆಟಗಳ ಪ್ರದರ್ಶನ ಇವೆರಡಕ್ಕೂ ಸೇರುವುದಿಲ್ಲ. ಇಲ್ಲಿರುವುದು ಐತಿಹಾಸಿಕ ವಸ್ತು, ಆದರೂ ಅದನ್ನು ಮುಟ್ಟಲೇಬೇಕು. ವಿದ್ಯುತ್ ಸಂಪರ್ಕ ತೆಗೆದು ಗಾಜಿನ ಹಿಂದೆ ಇಟ್ಟರೆ ಅದು ಮರದ ಒಂದು ಪೆಟ್ಟಿಗೆ ಮಾತ್ರ. ಆಟ ಇರುವುದು ಆಡುವವರ ಕೈಗೂ ಪರದೆಗೂ ನಡುವೆ. ಅದನ್ನು ತಿಳಿಯಬೇಕಾದರೆ ಆಡಬೇಕು. ಸಾವಿರ ಜನ ಆಡಿದರೆ ಯಂತ್ರ ಸವೆಯುತ್ತದೆ. ಹಾಗಾದರೆ ಇಂಥ ವಸ್ತುವನ್ನು ಮುಂದಿನ ಪೀಳಿಗೆಗೆ ಉಳಿಸುವುದು ಹೇಗೆ? ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಆಟಗಳ ಇತಿಹಾಸವನ್ನು ಒಮ್ಮೆ ಸುತ್ತಿಬರೋಣ.

ಪ್ರದರ್ಶನದಲ್ಲೇ ಹುಟ್ಟಿದ ಆಟ

ವಿಡಿಯೋ ಆಟಗಳು ಮೊದಲು ಅಂಗಡಿಯಲ್ಲಿ ಮಾರಾಟಕ್ಕೆ ಬಂದು, ಹಳತಾದ ಮೇಲೆ ವಸ್ತುಪ್ರದರ್ಶನ ಸೇರಿದವು ಎಂದು ನಾವು ಭಾವಿಸುವುದು ಸಹಜ. ಆದರೆ ಇತಿಹಾಸದಲ್ಲಿ ಹಿಂದಕ್ಕೆ ಹೋದರೆ ಕಾಣುವುದು ಬೇರೆಯೇ. ಕಂಪ್ಯೂಟರಿನೊಡನೆ ಸಾಮಾನ್ಯ ಜನ ಆಡಿದ ಆರಂಭದ ಆಟಗಳು ವಸ್ತುಪ್ರದರ್ಶನಗಳಿಗಾಗಿಯೇ ತಯಾರಾದವು.

1950ರಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ನಡೆದ ರಾಷ್ಟ್ರೀಯ ವಸ್ತುಪ್ರದರ್ಶನದಲ್ಲಿ ಸುಮಾರು 4 ಮೀಟರ್ ಎತ್ತರದ ಒಂದು ಯಂತ್ರ ನಿಂತಿತ್ತು. ಹೆಸರು 'ಬರ್ಟಿ ದಿ ಬ್ರೈನ್'. ಜೋಸೆಫ್ ಕೇಟ್ಸ್ ಎಂಬ ಎಂಜಿನಿಯರ್ ತಾವು ರೂಪಿಸಿದ ಹೊಸ ಬಗೆಯ ಎಲೆಕ್ಟ್ರಾನಿಕ್ ವಾಲ್ವನ್ನು ಜನರಿಗೆ ತೋರಿಸಲು ಇದನ್ನು ನಿರ್ಮಿಸಿದ್ದರು. ಅದು ಆಡುತ್ತಿದ್ದ ಆಟ ನಿಮಗೆ ಚೆನ್ನಾಗಿ ಗೊತ್ತು. ತರಗತಿಯಲ್ಲಿ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಒಂಬತ್ತು ಮನೆ ಗೀಚಿ, ಒಬ್ಬರು ಸೊನ್ನೆಯನ್ನೂ ಇನ್ನೊಬ್ಬರು ಗುಣಾಕಾರದ ಗುರುತನ್ನೂ ತುಂಬುತ್ತೀರಲ್ಲ, ಅದೇ ಆಟ. ಜನ ಸಾಲುಗಟ್ಟಿ ಆಡಿದರು. ಪ್ರದರ್ಶನ ಮುಗಿಯಿತು, ಯಂತ್ರವನ್ನು ಬಿಚ್ಚಿಹಾಕಿದರು.

ಮರುವರ್ಷ, 1951ರಲ್ಲಿ, ಲಂಡನ್ನಿನಲ್ಲಿ 'ಬ್ರಿಟನ್ ಉತ್ಸವ' ನಡೆಯಿತು. ಅದರ ಅಂಗವಾಗಿ ಸೌತ್ ಕೆನ್ಸಿಂಗ್ಟನ್ನಿನಲ್ಲಿ ಏರ್ಪಟ್ಟ ವಿಜ್ಞಾನ ಪ್ರದರ್ಶನದಲ್ಲಿ ಫೆರಾಂಟಿ ಕಂಪನಿ 'ನಿಮ್‌ರಾಡ್' ಎಂಬ ಕಂಪ್ಯೂಟರನ್ನು ಇಟ್ಟಿತು. ಇದರ ಕಲ್ಪನೆ ಜಾನ್ ಬೆನೆಟ್ ಅವರದು. ಕೆಲವು ಗುಂಪುಗಳಲ್ಲಿ ಕಡ್ಡಿಗಳನ್ನು ಇಟ್ಟು, ಸರದಿಯಂತೆ ಒಂದೊಂದು ಗುಂಪಿನಿಂದ ಕಡ್ಡಿ ತೆಗೆಯುತ್ತ ಹೋಗುವ 'ನಿಮ್' ಎಂಬ ಆಟವನ್ನು ಈ ಯಂತ್ರ ದೀಪಗಳ ಮೂಲಕ ಆಡುತ್ತಿತ್ತು. ಯಂತ್ರವೊಂದು ಲೆಕ್ಕ ಹಾಕಿ ತೀರ್ಮಾನಕ್ಕೆ ಬರಬಲ್ಲದೆಂದು ಜನರಿಗೆ ತಿಳಿಸಿಕೊಡುವುದು ಬೆನೆಟ್ ಅವರ ಉದ್ದೇಶ. ಜನಕ್ಕೆ ಗಣಿತ ಬೇಕಿರಲಿಲ್ಲ, ಯಂತ್ರವನ್ನು ಸೋಲಿಸಬೇಕಿತ್ತು! ಅದೇ ವರ್ಷ ಯಂತ್ರ ಬರ್ಲಿನ್ನಿನ ಕೈಗಾರಿಕಾ ಪ್ರದರ್ಶನಕ್ಕೆ ಹೋಯಿತು. ಅಲ್ಲಿ ಪಶ್ಚಿಮ ಜರ್ಮನಿಯ ಅರ್ಥಸಚಿವರಾಗಿದ್ದ ಲುಡ್ವಿಗ್ ಎರ್ಹಾರ್ಡ್ ಅವರೂ ಅದರೆದುರು ಸೋತರು. ಕೊನೆಗೆ ನಿಮ್‌ರಾಡ್ ಯಂತ್ರವನ್ನೂ ಬಿಚ್ಚಿಹಾಕಲಾಯಿತು.

ಇವೆರಡರಲ್ಲೂ ಇದ್ದದ್ದು ದೀಪಗಳು. ಚಿತ್ರ ಚಲಿಸುವ ಪರದೆ ಇರಲಿಲ್ಲ. ಪರದೆಯ ಮೇಲೆ ಚೆಂಡು ಹಾರಿದ್ದನ್ನು ನೋಡಲು ನಾವು 1958ಕ್ಕೆ, ಅಮೆರಿಕದ ಲಾಂಗ್ ಐಲೆಂಡಿನಲ್ಲಿರುವ ಬ್ರೂಕ್‌ಹೇವನ್ ರಾಷ್ಟ್ರೀಯ ಪ್ರಯೋಗಾಲಯಕ್ಕೆ ಹೋಗಬೇಕು. ಅದು ಪರಮಾಣು ಸಂಶೋಧನೆಯ ಕೇಂದ್ರ. ವರ್ಷಕ್ಕೊಮ್ಮೆ ಅಲ್ಲಿ ಸಾರ್ವಜನಿಕರ ಭೇಟಿಗೆ ಅವಕಾಶವಿತ್ತು. ಬಂದವರಿಗೆ ಸ್ಥಿರಚಿತ್ರಗಳನ್ನೂ ಸುಮ್ಮನೆ ನಿಂತ ಯಂತ್ರಗಳನ್ನೂ ತೋರಿಸಿದರೆ ಬೇಸರವಾಗುತ್ತದೆಂದು ಭೌತವಿಜ್ಞಾನಿ ವಿಲಿಯಂ ಹಿಗಿನ್‌ಬಾಥಮ್ ಅವರಿಗೆ ಅನಿಸಿತು. ಅವರು ಎರಡನೆಯ ಮಹಾಯುದ್ಧದ ಕಾಲದಲ್ಲಿ ಲಾಸ್ ಅಲಮೋಸ್‌ನಲ್ಲಿ ಪರಮಾಣು ಬಾಂಬಿನ ಎಲೆಕ್ಟ್ರಾನಿಕ್ ಉಪಕರಣಗಳ ಕೆಲಸ ಮಾಡಿದ್ದವರು. ಯುದ್ಧಾನಂತರ ಅಣ್ವಸ್ತ್ರ ನಿಯಂತ್ರಣಕ್ಕಾಗಿ ದುಡಿದವರು.

ಪ್ರಯೋಗಾಲಯದಲ್ಲಿದ್ದ ಸಣ್ಣ ಅನಲಾಗ್ ಕಂಪ್ಯೂಟರ್ ಚೆಂಡಿನ ಪಥವನ್ನು ಲೆಕ್ಕ ಹಾಕಬಲ್ಲದಾಗಿತ್ತು. ಅದಕ್ಕೆ ಅವರು ಸುಮಾರು 5 ಅಂಗುಲದ ಒಂದು ಆಸಿಲೋಸ್ಕೋಪನ್ನು ಜೋಡಿಸುವ ಯೋಜನೆ ಹಾಕಿದರು. ತಂತ್ರಜ್ಞ ರಾಬರ್ಟ್ ಡ್ವೊರಾಕ್ ಅದನ್ನು ಕೆಲವೇ ವಾರಗಳಲ್ಲಿ ಕಟ್ಟಿಕೊಟ್ಟರು. ಪರದೆಯ ಮೇಲೆ ನೆಲದ ಒಂದು ಗೆರೆ, ಬಲೆಯ ಒಂದು ಗೆರೆ, ಹಾರಾಡುವ ಒಂದು ಬೆಳಕಿನ ಚುಕ್ಕೆ. ಕೈಯಲ್ಲಿ ತಿರುಪು ಮತ್ತು ಗುಂಡಿಯಿದ್ದ ಪೆಟ್ಟಿಗೆ. ಇದೇ 'ಟೆನಿಸ್ ಫಾರ್ ಟು'. ನೂರಾರು ಜನ ಸಾಲಿನಲ್ಲಿ ನಿಂತು ಆಡಿದರು. ಮರುವರ್ಷ ದೊಡ್ಡ ಪರದೆ ಬಂತು. ಚಂದ್ರನ ಮೇಲೆ, ಗುರುಗ್ರಹದ ಮೇಲೆ ಚೆಂಡು ಹೇಗೆ ಬೀಳುತ್ತದೆಂದು ತೋರಿಸುವ ಸೌಲಭ್ಯವೂ ಸೇರಿತು. ಆಮೇಲೆ? ಯಂತ್ರವನ್ನು ಕಳಚಿ, ಭಾಗಗಳನ್ನು ಬೇರೆ ಕೆಲಸಕ್ಕೆ ಬಳಸಿಕೊಂಡರು.

ಈ ಕಥೆ ಹೊರಗಿನ ಜಗತ್ತಿಗೆ ತಿಳಿದದ್ದು ಹೇಗೆ ಎಂಬುದು ನಿಮ್ಮ ವಯಸ್ಸಿನವರು ಗಮನಿಸಬೇಕಾದ ಸಂಗತಿ. 1958ರಲ್ಲಿ ಆ ಪ್ರದರ್ಶನಕ್ಕೆ ಬಂದಿದ್ದ ಹುಡುಗರಲ್ಲಿ ಡೇವಿಡ್ ಆಲ್ ಎಂಬ ಶಾಲಾ ವಿದ್ಯಾರ್ಥಿಯೂ ಒಬ್ಬ. ಮುಂದೆ ಅವರು 'ಕ್ರಿಯೇಟಿವ್ ಕಂಪ್ಯೂಟಿಂಗ್' ಎಂಬ ಪತ್ರಿಕೆಯ ಸಂಪಾದಕರಾದರು. ತಾವು ಬಾಲ್ಯದಲ್ಲಿ ಕಂಡದ್ದನ್ನು ನೆನಪಿಟ್ಟುಕೊಂಡು 1982ರಲ್ಲಿ ಆ ಪತ್ರಿಕೆಯಲ್ಲಿ ಪ್ರಕಟಿಸಿದರು. ಯಂತ್ರ ಉಳಿಯದಿದ್ದರೂ ನೋಡಿದವನ ನೆನಪು ಉಳಿದಿತ್ತು. 1997ರಲ್ಲಿ ಪ್ರಯೋಗಾಲಯದ ಸುವರ್ಣ ಮಹೋತ್ಸವಕ್ಕಾಗಿ ಅಲ್ಲಿನವರು ಹಳೆಯ ನಕ್ಷೆಗಳನ್ನು ನೋಡಿ, ಹಳೆಯ ಭಾಗಗಳನ್ನು ಹುಡುಕಿ, ಆಟವನ್ನು ಮರಳಿ ಕಟ್ಟಿದರು.

ಕೈಯಾರೆ ಕಟ್ಟಿದವರು

ಇಂಥ ಪ್ರದರ್ಶನಗಳಲ್ಲಿ ಒಂದು ಮೂಲೆ ಸಾಮಾನ್ಯವಾಗಿ ಮನೆಯಲ್ಲೇ ತಯಾರಿಸಿದ ಆರ್ಕೇಡ್ ಯಂತ್ರಗಳಿಗೆ ಮೀಸಲಾಗಿರುತ್ತದೆ. ಆರ್ಕೇಡ್ ಯಂತ್ರವೆಂದರೆ ನಾಣ್ಯ ಹಾಕಿ, ನಿಂತುಕೊಂಡು ಆಡುವ ಆಳೆತ್ತರದ ಪೆಟ್ಟಿಗೆ. ಹವ್ಯಾಸಿಗಳು ಪ್ಲೈವುಡ್ ಕೊಯ್ದು ಕಟ್ಟಿದ ಇವು 'ನಿಜವಾದ' ಇತಿಹಾಸವಲ್ಲ ಎಂದು ಅವುಗಳನ್ನು ದಾಟಿಕೊಂಡು ಹೋಗಬೇಡಿ. ಏಕೆಂದರೆ ಆರಂಭದ ಪ್ರಸಿದ್ಧ ಯಂತ್ರಗಳೂ ಹೆಚ್ಚುಕಡಿಮೆ ಹೀಗೇ ಹುಟ್ಟಿದವು.

1962ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ, ಅಂದರೆ ಎಂ.ಐ.ಟಿ.ಯಲ್ಲಿ, ಸ್ಟೀವ್ ರಸೆಲ್ ಮತ್ತು ಅವರ ಗೆಳೆಯರು 'ಸ್ಪೇಸ್‌ವಾರ್' ಎಂಬ ಆಟವನ್ನು ಬರೆದರು. ಅದು ಓಡುತ್ತಿದ್ದ ಪಿ.ಡಿ.ಪಿ.-1 ಕಂಪ್ಯೂಟರಿನ ಬೆಲೆ ಆಗ ಸುಮಾರು 1,20,000 ಡಾಲರ್. ಇಷ್ಟು ದುಬಾರಿ ಯಂತ್ರದಲ್ಲಿ ಆಡಲು ಸರಿಯಾದ ಹಿಡಿಕೆಯೇ ಇರಲಿಲ್ಲ! ಕಂಪ್ಯೂಟರಿನ ಮುಂಭಾಗದ ಸ್ವಿಚ್ಚುಗಳನ್ನು ಒತ್ತಿ ಒತ್ತಿ ಮೊಣಕೈ ನೋಯುತ್ತಿತ್ತು. ಆಗ ಅಲನ್ ಕೋಟಾಕ್ ಮತ್ತು ಬಾಬ್ ಸಾಂಡರ್ಸ್ ಎಂಬ ಇಬ್ಬರು ಸಂಸ್ಥೆಯ ಆಟಿಕೆ ರೈಲು ಸಂಘದ ಕೋಣೆಯಲ್ಲಿ ಸಿಕ್ಕ ಸಾಮಾನುಗಳಿಂದ ಎರಡು ನಿಯಂತ್ರಣ ಪೆಟ್ಟಿಗೆಗಳನ್ನು ಮಾಡಿಕೊಂಡರು. ಇಂದು ಮಕ್ಕಳು ಹಿಡಿಯುವ ಆಟದ ಹಿಡಿಕೆಗಳ ಪೂರ್ವಜರಲ್ಲಿ ಅವೂ ಸೇರಿವೆ.

1971ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಆವರಣದಲ್ಲಿ ಬಿಲ್ ಪಿಟ್ಸ್ ಮತ್ತು ಹ್ಯೂ ಟಕ್ ಎಂಬ ಗೆಳೆಯರು ಸ್ಪೇಸ್‌ವಾರ್ ಆಟಕ್ಕೆ ನಾಣ್ಯದ ಪೆಟ್ಟಿಗೆಯನ್ನು ಜೋಡಿಸಿ 'ಗ್ಯಾಲಕ್ಸಿ ಗೇಮ್' ಎಂದು ಹೆಸರಿಟ್ಟರು. ಒಂದು ಆಟಕ್ಕೆ 10 ಸೆಂಟ್. ಯಂತ್ರಕ್ಕೆ ತಗುಲಿದ ವೆಚ್ಚ ಸುಮಾರು 20,000 ಡಾಲರ್! ಹತ್ತು ಸೆಂಟಿನ ಲೆಕ್ಕದಲ್ಲಿ ಅದು ಹಿಂದಿರುಗಬೇಕಾದರೆ ಎಷ್ಟು ಆಟಗಳು ಬೇಕೆಂದು ನೀವೇ ಭಾಗಿಸಿ ನೋಡಿ. ವ್ಯಾಪಾರವಾಗಿ ಅದು ಗೆಲ್ಲಲಿಲ್ಲ. ಆದರೆ 1979ರವರೆಗೂ ವಿದ್ಯಾರ್ಥಿಗಳು ಅದರ ಸುತ್ತ ನೆರೆಯುತ್ತಿದ್ದರು.

ಇದೇ ಹೊತ್ತಿಗೆ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ರಾಲ್ಫ್ ಬೇರ್ ಎಂಬ ಎಂಜಿನಿಯರ್ ಇನ್ನೊಂದು ದಾರಿ ಹಿಡಿದಿದ್ದರು. ಹಿಟ್ಲರನ ಜರ್ಮನಿಯಿಂದ 1938ರಲ್ಲಿ ಹದಿಹರೆಯದಲ್ಲೇ ತಪ್ಪಿಸಿಕೊಂಡು ಬಂದ ಯಹೂದಿ ಕುಟುಂಬದವರು ಅವರು. ಮನೆಯ ಟೆಲಿವಿಷನ್ನನ್ನು ಬರಿದೇ ನೋಡುವ ಬದಲು ಅದರೊಂದಿಗೆ ಆಡಲು ಏಕೆ ಸಾಧ್ಯವಾಗಬಾರದು ಎಂಬುದು ಅವರ ಪ್ರಶ್ನೆ. ಕೆಲವು ವರ್ಷಗಳ ಪ್ರಯೋಗದ ಬಳಿಕ 1968ರ ಹೊತ್ತಿಗೆ ಒಂದು ಮಾದರಿ ಸಿದ್ಧವಾಯಿತು. ನೋಡಲು ಚೆನ್ನಾಗಿರಲೆಂದು ಲೋಹದ ಪೆಟ್ಟಿಗೆಗೆ ಮರದ ಬಣ್ಣದ ಅಂಟುಹಾಳೆ ಸುತ್ತಿದ್ದರು. ಆದ್ದರಿಂದ ಅದಕ್ಕೆ 'ಬ್ರೌನ್ ಬಾಕ್ಸ್', ಅಂದರೆ ಕಂದು ಪೆಟ್ಟಿಗೆ, ಎಂದೇ ಹೆಸರಾಯಿತು. ಅದರಿಂದ 1972ರಲ್ಲಿ 'ಮ್ಯಾಗ್ನವಾಕ್ಸ್ ಒಡಿಸ್ಸಿ' ಎಂಬ ಮನೆಯಾಟದ ಯಂತ್ರ ಮಾರುಕಟ್ಟೆಗೆ ಬಂತು. ಕಂದು ಪೆಟ್ಟಿಗೆ 2006ರಲ್ಲಿ ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ರಾಷ್ಟ್ರೀಯ ಇತಿಹಾಸ ಸಂಗ್ರಹಾಲಯವನ್ನು ಸೇರಿತು. ಬೇರ್ ಅವರು 2014ರಲ್ಲಿ ತೀರಿಕೊಂಡ ಮೇಲೆ, ಅವರ ಮನೆಯ ನೆಲಮಾಳಿಗೆಯ ಕಾರ್ಯಾಗಾರವನ್ನೇ ಉಪಕರಣಗಳ ಸಮೇತ ಅಲ್ಲಿ ಪ್ರದರ್ಶನಕ್ಕಿಟ್ಟರು.

ಆ 1972ರಲ್ಲೇ ಕ್ಯಾಲಿಫೋರ್ನಿಯದ ಹೊಸ ಕಂಪನಿ ಅಟಾರಿಯಲ್ಲಿ ಅಲನ್ ಆಲ್ಕಾರ್ನ್ ಎಂಬ ತರುಣ ಎಂಜಿನಿಯರ್ 'ಪಾಂಗ್' ಎಂಬ ಆಟದ ಮಾದರಿಯನ್ನು ಕಟ್ಟಿದರು. ಪರದೆಗಾಗಿ 75 ಡಾಲರ್ ಕೊಟ್ಟು ಒಂದು ಸಾಧಾರಣ ಕಪ್ಪು-ಬಿಳುಪು ಟೀವಿ ತಂದರು. ಅದನ್ನು ಮರದ ಪೆಟ್ಟಿಗೆಯಲ್ಲಿ ಕೂರಿಸಿ, ಸನ್ನಿವೇಲ್ ಎಂಬ ಊರಿನ ಒಂದು ಪಾನಗೃಹದಲ್ಲಿ ಪರೀಕ್ಷೆಗೆ ಇಟ್ಟರು. ಕೆಲವು ದಿನಗಳಲ್ಲೇ ಯಂತ್ರ ಕೆಟ್ಟಿದೆ ಎಂದು ಕರೆ ಬಂತು. ಆಲ್ಕಾರ್ನ್ ಹೋಗಿ ಬಾಗಿಲು ತೆರೆದು ನೋಡಿದರೆ ಕೆಟ್ಟದ್ದೇನೂ ಇಲ್ಲ, ನಾಣ್ಯ ಬೀಳುವ ಡಬ್ಬಿ ತುಂಬಿ ತುಳುಕಿ ಹೊಸ ನಾಣ್ಯಕ್ಕೆ ಜಾಗವಿರಲಿಲ್ಲ! ಒಂದು ದೊಡ್ಡ ಉದ್ಯಮ ಬೆಳೆದದ್ದು ಈ ಪೆಟ್ಟಿಗೆಯಿಂದ.

ಕೈ ಕಲಿಯುವ ಪಾಠ

ಈಗ ನೀವು ಒಂದು ಹಳೆಯ ಯಂತ್ರದ ಮುಂದೆ ನಿಂತಿದ್ದೀರಿ ಎಂದಿಟ್ಟುಕೊಳ್ಳಿ. ಪುಸ್ತಕ ಓದಿದರೆ ಸಿಗದ ಯಾವ ಪಾಠ ಇಲ್ಲಿ ಸಿಗುತ್ತದೆ?

ಉದಾಹರಣೆಗೆ, ಜಪಾನಿನ ತೊಮೊಹಿರೊ ನಿಶಿಕಾಡೊ ಅವರು ಟೈಟೊ ಕಂಪನಿಗಾಗಿ 1978ರಲ್ಲಿ ರಚಿಸಿದ 'ಸ್ಪೇಸ್ ಇನ್ವೇಡರ್ಸ್' ಆಟವನ್ನು ತೆಗೆದುಕೊಳ್ಳಿ. ಐದು ಸಾಲಿನಲ್ಲಿ, ಸಾಲಿಗೆ ಹನ್ನೊಂದರಂತೆ, 55 ವೈರಿಗಳು ಮೇಲಿನಿಂದ ಇಳಿದುಬರುತ್ತಾರೆ. ಮೊದಲು ಅವರ ನಡಿಗೆ ನಿಧಾನ. ಹೊಡೆಯುತ್ತ ಹೋದಂತೆ ಉಳಿದವರ ವೇಗ ಹೆಚ್ಚುತ್ತದೆ. ಕೊನೆಯ ಒಬ್ಬ ಓಡುತ್ತಾನೆ, ನಿಮ್ಮ ಅಂಗೈ ಬೆವರುತ್ತದೆ. ಈ ರೋಮಾಂಚನ ಮೊದಲು ಹುಟ್ಟಿದ್ದು ಯಂತ್ರದ ಮಿತಿಯಿಂದ. ಅದರ ಪ್ರೊಸೆಸರ್ ಒಂದು ಸಲಕ್ಕೆ ಒಬ್ಬ ವೈರಿಯ ಚಿತ್ರವನ್ನಷ್ಟೇ ಸರಿಸುತ್ತಿತ್ತು. ಐವತ್ತೈದು ಮಂದಿಯಿದ್ದಾಗ ಒಂದು ಸುತ್ತು ಮುಗಿಯಲು ಹೊತ್ತು ಹಿಡಿಯುತ್ತಿತ್ತು. ಐದೇ ಮಂದಿ ಉಳಿದಾಗ ಸುತ್ತು ಬೇಗ ಮುಗಿಯುತ್ತಿತ್ತು. ನಿಶಿಕಾಡೊ ಅವರು ಅದನ್ನು ತಿದ್ದದೆ ಹಾಗೆಯೇ ಉಳಿಸಿಕೊಂಡರು. ಯಂತ್ರದ ಕೊರತೆಯೇ ಆಟದ ಗುಣವಾಯಿತು.

ಅದೇ ಯಂತ್ರದ ಪರದೆಯನ್ನು ಹತ್ತಿರದಿಂದ ನೋಡಿ. ಆರಂಭದ ಯಂತ್ರಗಳಲ್ಲಿ ಪರದೆ ಕಪ್ಪು-ಬಿಳುಪಿನದು. ಬಣ್ಣ ಕಾಣಲೆಂದು ಅದರ ಮೇಲೆ ಬಣ್ಣದ ಪಾರದರ್ಶಕ ಹಾಳೆಯ ಪಟ್ಟಿಗಳನ್ನು ಅಂಟಿಸುತ್ತಿದ್ದರು. ಕೆಲವು ಪೆಟ್ಟಿಗೆಗಳಲ್ಲಿ ಚಂದ್ರನ ನೆಲದ ಬಣ್ಣದ ಚಿತ್ರವೊಂದನ್ನು ಹಿಂದೆ ಇಟ್ಟು, ಆಟದ ಬಿಂಬವನ್ನು ಕನ್ನಡಿಯ ಸಹಾಯದಿಂದ ಅದರ ಮುಂದೆ ತೇಲಿಸುತ್ತಿದ್ದರು. ಅದೇ ಆಟವನ್ನು ನಿಮ್ಮ ಮೊಬೈಲಿನಲ್ಲಿ ನೋಡಿದರೆ ಈ ಕನ್ನಡಿಯಾಗಲಿ ಚಂದ್ರನಾಗಲಿ ಇರುವುದಿಲ್ಲ.

'ಪ್ಯಾಕ್-ಮ್ಯಾನ್' ಎಂಬ 1980ರ ಆಟ ಇನ್ನೊಂದು ಪಾಠ ಹೇಳುತ್ತದೆ. ತೊರು ಇವಾತಾನಿ ಅವರ ಈ ಆಟದಲ್ಲಿ 255 ಹಂತಗಳನ್ನು ದಾಟಿದ ನಿಪುಣರಿಗೆ 256ನೆಯ ಹಂತದಲ್ಲಿ ಪರದೆಯ ಬಲ ಅರ್ಧ ಅರ್ಥವಿಲ್ಲದ ಅಕ್ಷರಗಳಿಂದ ತುಂಬಿಹೋಗುತ್ತದೆ. ಕಾರಣ ಸರಳ. ಹಂತಗಳನ್ನು ಎಣಿಸಲು ಇದ್ದದ್ದು 8 ಬಿಟ್‌ಗಳ ಜಾಗ, ಅದರಲ್ಲಿ 0ಯಿಂದ 255ರವರೆಗೆ ಮಾತ್ರ ಬರೆಯಬಹುದು. ದ್ವಿಮಾನ ಪದ್ಧತಿಯ ಪಾಠ ಬೇಸರವೆನಿಸಿದವರು ಈ ಪರದೆಯನ್ನು ಒಮ್ಮೆ ನೋಡಬೇಕು.

ಇನ್ನು 1984ರ 'ಡಕ್ ಹಂಟ್'. ಬಂದೂಕಿನಾಕಾರದ ಹಿಡಿಕೆಯಿಂದ ಟೀವಿಯಲ್ಲಿ ಹಾರುವ ಬಾತುಕೋಳಿಗೆ ಗುರಿ ಇಡುವ ಆಟ. ಬಂದೂಕು ಟೀವಿಗೆ ಏನನ್ನೋ ಕಳಿಸುತ್ತದೆಂದು ಮಕ್ಕಳು ನಂಬಿದ್ದರು. ನಡೆಯುತ್ತಿದ್ದದ್ದು ತದ್ವಿರುದ್ಧ. ಕುದುರೆ ಒತ್ತಿದ ಕೂಡಲೇ ಪರದೆ ಕಣ್ಣಿಗೆ ಗೊತ್ತಾಗದಷ್ಟು ಹೊತ್ತು ಕಪ್ಪಾಗಿ, ಹಕ್ಕಿಯಿದ್ದ ಜಾಗದಲ್ಲಿ ಬಿಳಿಯ ಚೌಕ ಮೂಡುತ್ತದೆ. ಬಂದೂಕಿನ ತುದಿಯ ಬೆಳಕಿನ ಸಂವೇದಕ ಆ ಬಿಳುಪನ್ನು ಕಂಡರೆ ಗುರಿ ತಾಗಿತೆಂದು ಲೆಕ್ಕ. ಇದೆಲ್ಲ ಹಳೆಯ ಪಿಕ್ಚರ್ ಟ್ಯೂಬಿನ ಟೀವಿಯ ವೇಗಕ್ಕೆ ಹೊಂದಿಸಿದ ಲೆಕ್ಕಾಚಾರ. ಇಂದಿನ ಚಪ್ಪಟೆ ಟೀವಿಗೆ ಜೋಡಿಸಿದರೆ ಚಿತ್ರ ಮೂಡುವುದು ತುಸು ತಡವಾಗಿ, ಬಂದೂಕು ಕುರುಡಾಗುತ್ತದೆ. ಆಟವೊಂದನ್ನು ಉಳಿಸುವುದೆಂದರೆ ಅದರ ಪರದೆಯನ್ನೂ ಉಳಿಸಬೇಕಾಗುತ್ತದೆ.

ಗೋಡೆಯ ಆಚೆಯ ಆಟಗಳು

ವಿಡಿಯೋ ಆಟದ ಇತಿಹಾಸವೆಂದರೆ ಅಮೆರಿಕ ಮತ್ತು ಜಪಾನಿನ ಇತಿಹಾಸ ಮಾತ್ರವಲ್ಲ. ಬರ್ಲಿನ್ನಿನ ಕಂಪ್ಯೂಟರ್ ಆಟಗಳ ಸಂಗ್ರಹಾಲಯ 1997ರಲ್ಲಿ ಆರಂಭವಾಗಿ, ನಡುವೆ ಬಾಗಿಲು ಮುಚ್ಚಿ, 2011ರಲ್ಲಿ ಕಾರ್ಲ್ ಮಾರ್ಕ್ಸ್ ಮಾರ್ಗದಲ್ಲಿ ಮತ್ತೆ ತೆರೆಯಿತು. ಅಲ್ಲಿ ಜನರ ಗಮನ ಸೆಳೆಯುವ ಒಂದು ಯಂತ್ರ 'ಪೋಲಿ-ಪ್ಲೇ'. ಹಿಂದಿನ ಪೂರ್ವ ಜರ್ಮನಿಯಲ್ಲಿ 1980ರ ದಶಕದ ನಡುವೆ ತಯಾರಾದ ಈ ಪೆಟ್ಟಿಗೆಯಲ್ಲಿ ಎಂಟು ಆಟಗಳಿದ್ದವು. ಒಂದು ಆಟ ಪ್ಯಾಕ್-ಮ್ಯಾನ್‌ನಂತೆಯೇ ಇತ್ತು. ಆದರೆ ಪಾತ್ರಗಳು ಮಾತ್ರ ಸೋವಿಯತ್ ಕಾರ್ಟೂನಿನ ಮೊಲ ಮತ್ತು ತೋಳ! ಒಂದು ರಾಜ್ಯವ್ಯವಸ್ಥೆ ಇನ್ನೊಂದರ ಆಟವನ್ನು ಬೇಡವೆನ್ನಲಾಗದೆ, ಒಪ್ಪಲೂ ಆಗದೆ ಕಂಡುಕೊಂಡ ನಡುದಾರಿ ಅದು. ಎರಡು ಜರ್ಮನಿಗಳೂ 1990ರಲ್ಲಿ ಒಂದಾದ ಮೇಲೆ ಈ ಯಂತ್ರಗಳಲ್ಲಿ ಬಹಳಷ್ಟು ನಾಶವಾದವು.

ಮಾಸ್ಕೋದಲ್ಲಿ 2007ರಲ್ಲಿ ಕೆಲವು ವಿದ್ಯಾರ್ಥಿ ಗೆಳೆಯರು ಸೋವಿಯತ್ ಕಾಲದ ಆಟದ ಯಂತ್ರಗಳನ್ನು ಹುಡುಕಿ ತಂದು, ವಿದ್ಯಾರ್ಥಿನಿಲಯವೊಂದರ ನೆಲಮಾಳಿಗೆಯಲ್ಲಿ ಕೂಡಿಹಾಕಿ, ರಿಪೇರಿ ಮಾಡಿ ಸಂಗ್ರಹಾಲಯ ತೆರೆದರು. ಬಂದವರಿಗೆ ಆಡಲು ಹಳೆಯ 15 ಕೊಪೆಕ್ ನಾಣ್ಯಗಳನ್ನೇ ಕೊಡುತ್ತಿದ್ದರು. ಸಬ್‌ಮರೀನಿನ ಪೆರಿಸ್ಕೋಪಿನಲ್ಲಿ ಕಣ್ಣಿಟ್ಟು ಹಡಗಿಗೆ ಗುರಿಯಿಡುವ 'ಸಮುದ್ರ ಯುದ್ಧ' ಎಂಬ ಯಂತ್ರ ಅಲ್ಲಿ ಹೆಸರುವಾಸಿ. ಇಂಥ ಹಲವು ಯಂತ್ರಗಳು ತಯಾರಾದದ್ದು ರಕ್ಷಣಾ ಸಾಮಗ್ರಿಯ ಕಾರ್ಖಾನೆಗಳಲ್ಲಿ. ಬಿಡಿಭಾಗ ಎಲ್ಲೂ ಸಿಗದ ಕಾರಣ, ಒಂದು ಯಂತ್ರ ನಡೆಯಬೇಕಾದರೆ ಇನ್ನೊಂದನ್ನು ಬಿಚ್ಚಬೇಕಾಗುತ್ತಿತ್ತು.

ಉಳಿಸುವ ಕಷ್ಟ

ಇಲ್ಲಿಗೆ ನಾವು ಮೊದಲಿನ ಪ್ರಶ್ನೆಗೆ ಬಂದೆವು. ಕಲ್ಲಿನ ಶಾಸನ ಸಾವಿರ ವರ್ಷ ಮಳೆಬಿಸಿಲಿಗೆ ನಿಂತಿದೆ. ನಲವತ್ತು ವರ್ಷದ ಆಟದ ಯಂತ್ರಕ್ಕೆ ಆಗಲೇ ಮುಪ್ಪು ಬಂದಿದೆ. ಹೊಸ ಪಿಕ್ಚರ್ ಟ್ಯೂಬುಗಳ ತಯಾರಿಕೆ ಬಹುತೇಕ ನಿಂತಿದೆ. ಚಿಪ್‌ಗಳಲ್ಲಿ ಬರೆದಿಟ್ಟ ಮಾಹಿತಿ ಕಾಲಕ್ರಮೇಣ ಅಳಿಯುತ್ತದೆ. 1990ರ ದಶಕದಲ್ಲಿ ಜಪಾನಿನ ಕ್ಯಾಪ್‌ಕಾಮ್ ಕಂಪನಿಯ ಕೆಲವು ಆಟದ ಬೋರ್ಡುಗಳಲ್ಲಿ, ನಕಲು ತಡೆಯಲೆಂದು, ಆಟದ ಗುಪ್ತ ಕೀಲಿಯನ್ನು ಸಣ್ಣ ಬ್ಯಾಟರಿಯೊಂದರ ಬಲದಿಂದ ಉಳಿಸಿದ್ದರು. ಬ್ಯಾಟರಿ ಮುಗಿದ ದಿನ ಕೀಲಿ ಅಳಿದು ಆಟವೇ ಸತ್ತುಹೋಗುತ್ತಿತ್ತು.

ಹಾಗಾದರೆ ದಾರಿಯೇನು? ಪ್ರದರ್ಶನಗಳಲ್ಲಿ ನಿಮಗೆ ಸಾಮಾನ್ಯವಾಗಿ ಮೂರು ದಾರಿಗಳು ಕಾಣುತ್ತವೆ.

ಒಂದು, ಮೂಲ ಯಂತ್ರವನ್ನೇ ದುರಸ್ತಿ ಮಾಡಿ ನಡೆಸುವುದು. ಕ್ಯಾಲಿಫೋರ್ನಿಯದ ಕಂಪ್ಯೂಟರ್ ಇತಿಹಾಸ ಸಂಗ್ರಹಾಲಯದಲ್ಲಿ ಸ್ವಯಂಸೇವಕರು ಒಂದು ಪಿ.ಡಿ.ಪಿ.-1 ಯಂತ್ರವನ್ನು ವರ್ಷಗಟ್ಟಲೆ ದುಡಿದು ಎಬ್ಬಿಸಿ ನಿಲ್ಲಿಸಿದರು. ಅದರಲ್ಲಿ ಮತ್ತೆ ಸ್ಪೇಸ್‌ವಾರ್ ಓಡಿತು. ಎರಡು, ಬ್ರೂಕ್‌ಹೇವನ್‌ನವರಂತೆ ನಕ್ಷೆ ನೋಡಿ ಪ್ರತಿಕೃತಿ ಕಟ್ಟುವುದು. ಮೂರು, ಎಮ್ಯುಲೇಟರ್. ಹೊಸ ಕಂಪ್ಯೂಟರೊಂದು ಹಳೆಯ ಯಂತ್ರದ ಹಾಗೆ ನಟಿಸುವಂತೆ ಬರೆದ ಕ್ರಮವಿಧಿಗೆ ಈ ಹೆಸರು. ವೇಷ ತೊಟ್ಟ ಕಲಾವಿದ ರಂಗದ ಮೇಲೆ ಕೃಷ್ಣನೇ ಆಗುವಂತೆ, ಎಮ್ಯುಲೇಟರ್ ಇರುವಲ್ಲಿ ಹಳೆಯ ಆಟ ತಾನು ತನ್ನ ಸ್ವಂತ ಯಂತ್ರದಲ್ಲೇ ಇದ್ದೇನೆಂದು ನಂಬಿ ಓಡುತ್ತದೆ.

1997ರಲ್ಲಿ ಇಟಲಿಯ ನಿಕೋಲಾ ಸಾಲ್ಮೋರಿಯಾ ಎಂಬ ತರುಣರು 'ಮೇಮ್' ಎಂಬ ಎಮ್ಯುಲೇಟರನ್ನು ಬಿಡುಗಡೆ ಮಾಡಿದರು. ಹಲವು ದೇಶಗಳ ಹವ್ಯಾಸಿಗಳು ಅದಕ್ಕೆ ಕೈಜೋಡಿಸಿ ಸಾವಿರಾರು ಆಟಗಳ ಒಳಗುಟ್ಟನ್ನು ದಾಖಲಿಸಿದರು. ಮೇಲೆ ಹೇಳಿದ ಬ್ಯಾಟರಿಯ ಗುಪ್ತ ಕೀಲಿಯನ್ನು ಬಿಡಿಸಿದವರೂ ಇಂಥ ಹವ್ಯಾಸಿಗಳೇ. ಮನೆಯಲ್ಲಿ ಕಟ್ಟಿದ ಆರ್ಕೇಡ್ ಪೆಟ್ಟಿಗೆಗಳಲ್ಲಿ ಬಹುಪಾಲಿನ ಒಳಗೆ ಕುಳಿತಿರುವುದು ಇಂಥ ಎಮ್ಯುಲೇಟರ್. ಪೆಟ್ಟಿಗೆ ಹೊಸತು, ಗುಂಡಿಗಳು ಹೊಸವು, ಒಳಗಿನ ಕಂಪ್ಯೂಟರ್ ಅಂಗೈಯಗಲದ್ದು. ಆದರೆ ಜಾಯ್‌ಸ್ಟಿಕ್ಕಿನ ಟಕ್ ಸದ್ದು, ನಿಂತು ಆಡುವ ಭಂಗಿ, ಪಕ್ಕದಲ್ಲಿ ನಿಂತು ಸಲಹೆ ಕೊಡುವ ಗೆಳೆಯ, ಇವು ಮರಳಿ ಬರುತ್ತವೆ. ಅದರಲ್ಲಿ ಎಷ್ಟು ಜನ ಆಡಿದರೂ ಮೂಲ ಯಂತ್ರಕ್ಕೆ ಸವೆತವಿಲ್ಲ.

ಪಾಂಗ್ ಮಾತ್ರ ಇಲ್ಲಿಯೂ ತಕರಾರು ಮಾಡುತ್ತದೆ. ಅದರಲ್ಲಿ ಪ್ರೊಸೆಸರೂ ಇಲ್ಲ, ಬರೆದ ಕ್ರಮವಿಧಿಯೂ ಇಲ್ಲ. ಚಿಪ್‌ಗಳನ್ನು ತಂತಿಯಿಂದ ಜೋಡಿಸಿದ ರೀತಿಯೇ ಆಟ. ನಕಲು ಮಾಡಲು ಬರಹವೇ ಇಲ್ಲದಿರುವುದರಿಂದ ಇಡೀ ಮಂಡಲವನ್ನೇ ಕಂಪ್ಯೂಟರಿನೊಳಗೆ ಮತ್ತೆ ಕಟ್ಟಬೇಕು.

ತಾಂತ್ರಿಕ ಕಷ್ಟದ ಜೊತೆಗೆ ಕಾನೂನಿನ ಕಷ್ಟವೂ ಇದೆ. ಆಟಗಳಿಗೆ ಕೃತಿಸ್ವಾಮ್ಯವಿದೆ, ಮಾಲೀಕರ ಒಪ್ಪಿಗೆಯಿಲ್ಲದೆ ಪ್ರತಿ ಮಾಡಿ ಹಂಚುವಂತಿಲ್ಲ. ರಚಿಸಿದವರಿಗೆ ಪ್ರತಿಫಲ ಸಲ್ಲಬೇಕೆಂಬುದು ನ್ಯಾಯವೇ. ಆದರೆ ಮಾಲೀಕರೇ ಮಾರುವುದನ್ನು ನಿಲ್ಲಿಸಿದ ಆಟದ ಗತಿಯೇನು? ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆ ದೇಶದಲ್ಲಿ 2010ಕ್ಕೆ ಮೊದಲು ಬಿಡುಗಡೆಯಾದ ಆಟಗಳಲ್ಲಿ ಶೇಕಡಾ 87ರಷ್ಟು ಆಗ ಮಾರುಕಟ್ಟೆಯಲ್ಲಿ ಲಭ್ಯವಿರಲಿಲ್ಲ. ಅಂಥ ಆಟಗಳನ್ನು ಸಂಶೋಧಕರಿಗೆ ದೂರದಿಂದಲೇ ನೋಡಲು ಅವಕಾಶ ಕೊಡಬೇಕೆಂದು ಗ್ರಂಥಾಲಯಗಳ ಪರವಾಗಿ ಕೇಳಿದಾಗ, ಅಲ್ಲಿನ ಕೃತಿಸ್ವಾಮ್ಯ ಕಚೇರಿ 2024ರಲ್ಲಿ ಒಪ್ಪಲಿಲ್ಲ.

ಕಸವೆಂದು ಎಸೆದದ್ದು ಇತಿಹಾಸವಾಗಲು ಹೆಚ್ಚು ಕಾಲ ಬೇಕಿಲ್ಲ ಎಂಬುದಕ್ಕೂ ಒಂದು ನಿದರ್ಶನವಿದೆ. 1983ರಲ್ಲಿ ವ್ಯಾಪಾರ ಕುಸಿದಾಗ ಅಟಾರಿ ಕಂಪನಿ ಮಾರಾಟವಾಗದ ಕಾರ್ಟ್ರಿಜ್‌ಗಳನ್ನು ನ್ಯೂ ಮೆಕ್ಸಿಕೊದ ಅಲಮೊಗೋರ್ಡೊ ಎಂಬ ಊರಿನ ಕಸದ ಗುಂಡಿಯಲ್ಲಿ ಹೂಳಿತು. 2014ರಲ್ಲಿ ಆ ಗುಂಡಿಯನ್ನು ಅಗೆದು ಸುಮಾರು 1,300 ಕಾರ್ಟ್ರಿಜ್‌ಗಳನ್ನು ಹೊರತೆಗೆದರು. ಅವುಗಳಲ್ಲಿ ಒಂದು ಇಂದು ಸ್ಮಿತ್‌ಸೋನಿಯನ್ ಸಂಗ್ರಹದಲ್ಲಿದೆ. ಪುರಾತತ್ತ್ವ ಶಾಸ್ತ್ರಜ್ಞರು ಅಗೆದದ್ದು ಮೂವತ್ತೊಂದು ವರ್ಷದ ಹಿಂದಿನ ಮಣ್ಣನ್ನು!

ನೀವು ಹೋದಾಗ

ಮುಂದೆ ಎಂದಾದರೂ ಇಂಥ ಪ್ರದರ್ಶನಕ್ಕೆ ಹೋಗುವ ಅವಕಾಶ ಸಿಕ್ಕರೆ, ಆಡಿ ಸಂತೋಷಪಡಿ. ಅದಕ್ಕಾಗಿಯೇ ಅದು ಇರುವುದು. ಜೊತೆಗೆ ಒಂದು ಪುಟ್ಟ ಪುಸ್ತಕವನ್ನೂ ಪೆನ್ಸಿಲನ್ನೂ ಇಟ್ಟುಕೊಳ್ಳಿ. ನಿಮ್ಮ ಎದುರಿಗಿರುವುದು ಮೂಲ ಯಂತ್ರವೇ, ಪ್ರತಿಕೃತಿಯೇ, ಎಮ್ಯುಲೇಟರೇ? ಫಲಕ ಅದನ್ನು ಹೇಳುತ್ತದೆಯೇ? ಪರದೆ ಹಳೆಯದೋ ಹೊಸದೋ? ಯಾವ ಗುಂಡಿಯ ಬಣ್ಣ ಹೆಚ್ಚು ಸವೆದಿದೆ? ಜನ ಯಾವುದನ್ನು ಹೆಚ್ಚು ಒತ್ತಿದರೆಂದು ಆ ಸವೆತ ಹೇಳುತ್ತದೆ. ಅಲ್ಲಿರುವ ದುರಸ್ತಿಗಾರರನ್ನು ಮಾತನಾಡಿಸಿ. ಬಿಡಿಭಾಗ ಎಲ್ಲಿಂದ ತರುತ್ತಾರೆಂದು ಕೇಳಿ.

ಪ್ರದರ್ಶನ ನಿಮ್ಮ ಊರಿಗೆ ಬರುವವರೆಗೆ ಕಾಯಬೇಕಾಗಿಯೂ ಇಲ್ಲ. 1983ರಲ್ಲಿ ಜಪಾನಿನ ನಿಂಟೆಂಡೊ ಕಂಪನಿ ತಂದ 'ಫ್ಯಾಮಿಲಿ ಕಂಪ್ಯೂಟರ್' ಯಂತ್ರದ ನಕಲುಗಳು 1990ರ ದಶಕದಲ್ಲಿ 'ಟೀವಿ ಗೇಮ್' ಎಂಬ ಹೆಸರಿನಲ್ಲಿ ನಮ್ಮ ನಾಡಿನ ಎಷ್ಟೋ ಮನೆಗಳಿಗೆ ಬಂದವು. ನಗರಗಳಲ್ಲಿ ವಿಡಿಯೋ ಗೇಮ್ ಪಾರ್ಲರ್‌ಗಳಿದ್ದವು. ನಿಮ್ಮ ಮಾವನೋ ಚಿಕ್ಕಪ್ಪನೋ ಅಕ್ಕನೋ ಅಲ್ಲಿ ಆಡಿರಬಹುದು. ಅಟ್ಟದ ಮೇಲಿನ ರಟ್ಟಿನ ಪೆಟ್ಟಿಗೆಯಲ್ಲಿ ಹಳದಿಗಟ್ಟಿದ ಒಂದು ಕಾರ್ಟ್ರಿಜ್ ಇದ್ದರೂ ಇರಬಹುದು. ಹಳೆಯ ಸಾಮಾನು ಕೊಳ್ಳುವವರಿಗೆ ಅದನ್ನು ತೂಕಕ್ಕೆ ಹಾಕುವ ಮುನ್ನ ತಡೆಯಿರಿ.

ಅದನ್ನು ಕೈಯಲ್ಲಿ ಹಿಡಿದು ಮನೆಯ ಹಿರಿಯರನ್ನು ಕೇಳಿ. ಇದನ್ನು ಎಲ್ಲಿ ಕೊಂಡಿರಿ? ಎಷ್ಟು ಹಣ ಕೊಟ್ಟಿರಿ? ಯಾರ ಮನೆಯಲ್ಲಿ ಕೂಡಿ ಆಡುತ್ತಿದ್ದಿರಿ? ಪಾರ್ಲರಿನಲ್ಲಿ ಹುಡುಗಿಯರೂ ಆಡುತ್ತಿದ್ದರೇ? ಕೆಟ್ಟರೆ ಯಾರು ರಿಪೇರಿ ಮಾಡುತ್ತಿದ್ದರು? ಉತ್ತರಗಳನ್ನು ದಿನಾಂಕ ಹಾಕಿ, ಹೇಳಿದವರ ಹೆಸರಿನೊಂದಿಗೆ ಬರೆದಿಡಿ. ಡೇವಿಡ್ ಆಲ್ ಅವರಂತೆ ನೆನಪನ್ನು ಇಪ್ಪತ್ತನಾಲ್ಕು ವರ್ಷ ಮನಸ್ಸಿನಲ್ಲೇ ಹೊತ್ತು ತಿರುಗುವ ಅಗತ್ಯ ನಿಮಗಿಲ್ಲ. ಈ ಭಾನುವಾರವೇ ಬರೆಯಲು ಆರಂಭಿಸಬಹುದು.